ಉಪ್ಪು ಹಿಟ್ಟಿನ ಆನೆ

ಹಾಸನದಲ್ಲಿ ಮೂರು ದಿನದಿಂದ ಜಿಟಿಜಿಟಿ ಮಳೆ. ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಇವತ್ತು ಅಡುಗೆಮನೆಯಲ್ಲಿ ಹಳೇ ಪೇಪರ್ ಹಾಸಿ, ಗೊಂಬೆ ಮಾಡಲು ಉಪ್ಪು ಹಿಟ್ಟು ಕಲಸಿದೆವು. 2 ಲೋಟ ಮೈದಾ, 1 ಲೋಟ ಪುಡಿ ಉಪ್ಪು, ನೀರು ಸ್ವಲ್ಪ ಸ್ವಲ್ಪವೇ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕು. ಕಲ್ಲುಪ್ಪು ಬೇಡ, ತರಿತರಿಯಾಗಿ ಉಳಿಯುತ್ತದೆ.

ಮೂರು ವರ್ಷದ ಮಗ ಒಂದು ಚೂರು ಬಾಯಿಗೆ ಹಾಕಿ, ಮುಖ ಕಿವುಚಿ ಉಗಿದ. ಮತ್ತೆ ಆ ಆಸೆ ಪಡಲಿಲ್ಲ. (ಮನೆಯಲ್ಲಿ ನಾಯಿ ಇದ್ದರೆ ಹುಷಾರು. ಅಷ್ಟು ಉಪ್ಪು ಅದಕ್ಕೆ ವಿಷವೇ.)

"ಅಮ್ಮಾ, ನಾನು ಹಳೇಬೀಡಿನ ಆನೆ ಮಾಡ್ತೀನಿ" ಅಂದಳು ಮಗಳು. ಹೋದ ತಿಂಗಳು ಹೊಯ್ಸಳೇಶ್ವರ ಗುಡಿಯ ಬುಡದಲ್ಲಿರುವ ಆನೆಗಳ ಸಾಲನ್ನು ಎಣಿಸುತ್ತಾ ಸುತ್ತಿದ್ದಳು, ಪಾಪ, ಲೆಕ್ಕ ತಪ್ಪಿ ತಪ್ಪಿ ಮತ್ತೆ ಶುರು. ಇವತ್ತು ಸೊಂಡಿಲು ಎರಡು ಸಲ ಕಳಚಿತು. ಬೆರಳು ಒದ್ದೆ ಮಾಡಿಕೊಂಡು ತಾನೇ ಅಂಟಿಸಿದಳು. ನಾನು ಕೈ ಹಾಕಲಿಲ್ಲ, ಸುಮ್ನೆ ನೋಡುತ್ತಾ ಕೂತೆ.

ಆ ಗುಡಿಯ ಬಳಪದ ಕಲ್ಲು ಕೂಡ ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದಂತೆ. ನಮ್ಮ ಹಿಟ್ಟೂ ಹಾಗೇ ಅಲ್ವಾ? 12ನೇ ಶತಮಾನದಲ್ಲಿ ಅಲ್ಲಿ ಉಳಿ ಹಿಡಿದವರ ಪಕ್ಕದಲ್ಲೂ ಮಕ್ಕಳು ಕೂತಿದ್ದರೇನೋ, ಮಣ್ಣಲ್ಲಿ ಆನೆ ಮಾಡುತ್ತಾ.

ಬಿಸಿಲಿದ್ದರೆ ಟೆರೇಸ್ ಮೇಲೆ ಒಣಗಿಸಬಹುದಿತ್ತು. ಈ ಥಂಡಿಯಲ್ಲಿ ಉಪ್ಪು ತೇವ ಎಳೆಯುತ್ತದೆ. ಅದಕ್ಕೇ ಓವನ್‌ನಲ್ಲಿ 100 ಡಿಗ್ರಿಗೆ 3 ಗಂಟೆ ಇಟ್ಟೆ. ಈಗ ಆನೆ ಶೋಕೇಸಿನಲ್ಲಿ ನಿಂತಿದೆ. ಒಂದು ಕಿವಿ ಜಾಸ್ತಿ ದೊಡ್ಡದು. ಬಣ್ಣ ನಾಳೆಗೆ.