ಸೀಸನ್ನಿನಲ್ಲೇ ಬರುವ ಕಥೆ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಕಥೆ ಬರೆಯುವುದು ಅದರ ಸಂದಿಯಲ್ಲಿ. ವಿಚಿತ್ರ ಏನಂದ್ರೆ, ಸೀಸನ್ ಜೋರಾಗಿ, ಊಟಕ್ಕೂ ಪುರುಸೊತ್ತಿಲ್ಲದ ದಿನಗಳಲ್ಲೇ ನನಗೆ ಬರವಣಿಗೆ ಜಾಸ್ತಿ. ಹರಾಜು ಕೂಗುತ್ತಿರುತ್ತಾರೆ, 15 ಕೆ.ಜಿ. ಬಾಕ್ಸ್‌ಗಳು ಆಳೆತ್ತರ ಏರಿರುತ್ತವೆ, ನಾನು ಚೀಟಿಯ ಹಿಂದೆ ಒಂದು ಸಾಲು ಗೀಚಿ ಜೇಬಿಗಿಡುತ್ತೇನೆ. ಒಂದು ಸಲ ಯಜಮಾನರೊಬ್ಬರು ರೇಟು ಕೇಳಿ ಏನೂ ಮಾತಾಡಲಿಲ್ಲ. ಮೇಲಿನ ಬಾಕ್ಸಿಂದ ಒಂದು ಹಣ್ಣು ತೆಗೆದು, ಪಂಚೆಗೆ ಒರೆಸಿ, ಮತ್ತೆ ಅಲ್ಲೇ ಇಟ್ಟರು. ಅಷ್ಟೇ. ಆ ರಾತ್ರಿ ಒಂದು ಕಥೆಯೇ ಬಂತು.

ಸೀಸನ್ ಇಳಿದ ಮೇಲೆ ಮಧ್ಯಾಹ್ನಕ್ಕೇ ಮನೆ. ಟೇಬಲ್ಲು, ಫ್ಯಾನು, ಕಾಫಿ ಎಲ್ಲಾ ಇದೆ. ಬರೆಯುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತೇನೆ. "ಸುಮ್ನೆ ಕೂತ್ರೆ ಆಯ್ತಾ, ಬರೀಬೇಡ್ವಾ?" ಅಂತ ಹೆಂಡತಿ ಕೇಳುವುದೂ ಉಂಟು.

ನಮ್ಮ ಜಿಲ್ಲೆಯ ಮಾಸ್ತಿಯವರು ಮೈಸೂರು ಸಂಸ್ಥಾನದ ನೌಕರಿ ಮಾಡುತ್ತಲೇ ಕಥೆ ಬರೆದವರು. 1983ರ ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಅವರ ಮಟ್ಟ ನಮಗೆಲ್ಲಿ, ಬಿಡಿ. ಆದರೂ ರಜೆ ಹಾಕಿ ಬರೆಯುತ್ತೇನೆ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ.

ಈಗ ಖಾಲಿ ತಿಂಗಳಿಗೂ ಒಂದು ದಾರಿ ಮಾಡಿಕೊಂಡಿದ್ದೇನೆ. ಹೊಸದಕ್ಕೆ ಕೈ ಹಾಕುವುದಿಲ್ಲ. ಶೂ ಡಬ್ಬದಲ್ಲಿಟ್ಟ ಚೀಟಿಗಳನ್ನು ತೆಗೆದು, ಹಳೆಯದನ್ನು ತಿದ್ದುತ್ತೇನೆ. ಎಷ್ಟೋ ಚೀಟಿಗಳಲ್ಲಿ ಟೊಮೆಟೊ ರಸ ಅಂಟಿ ಅಕ್ಷರವೇ ಹೋಗಿರುತ್ತದೆ. ಉಳಿದದ್ದರಲ್ಲಿ ರೇಟು ಯಾವುದು, ಡೈಲಾಗ್ ಯಾವುದು ಅಂತ ಬಿಡಿಸುವುದರಲ್ಲೇ ಸಂಜೆ ಆಗುತ್ತದೆ.