ಮಡಿಕೇರಿಗೆ ಹತ್ತಿರದ ಬೀಚ್ ಯಾವುದು ಅಂತ ಕೇಳೋರಿಗೆ

ಕೊಡಗಿಗೆ ಬರುವ ಸ್ನೇಹಿತರು ಅಬ್ಬಿ ಜಲಪಾತ, ರಾಜಾಸೀಟು ಮುಗಿಸಿದ ಮೇಲೆ ತಪ್ಪದೆ ಕೇಳುವುದೊಂದಿದೆ: "ಇಲ್ಲಿಂದ ಹತ್ತಿರದ ಬೀಚ್ ಯಾವುದು?" ಮಂಗಳೂರು ಅಂತ ಅವರೇ ಉತ್ತರವನ್ನೂ ಇಟ್ಟುಕೊಂಡಿರುತ್ತಾರೆ. ನಾನು ಹೇಳುವುದು ಅಳೀಕಲ್. ಕೇರಳದ ಕಣ್ಣೂರು ದಾಟಿ ಸ್ವಲ್ಪ ಉತ್ತರಕ್ಕೆ, ವಳಪಟ್ಟಣಂ ಹೊಳೆ ಸಮುದ್ರ ಸೇರುವ ಜಾಗ.

ಮಡಿಕೇರಿಯಿಂದ ಮಂಗಳೂರಿಗೆ ಸುಮಾರು 140 ಕಿ.ಮೀ. ಕಣ್ಣೂರು ಅದಕ್ಕಿಂತ ಹತ್ತಿರ. ಆದರೆ ನನ್ನ ಕಾರಣ ದೂರದ್ದಲ್ಲ, ನೀರಿನದು. ಕೊಡಗು ಅಂದರೆ ಕಾವೇರಿ, ಸರಿ. ಹಾಗಂತ ಇಲ್ಲಿ ಬೀಳುವ ಮಳೆಯೆಲ್ಲಾ ಪೂರ್ವಕ್ಕೇ ಹೋಗುವುದಿಲ್ಲ. ಬ್ರಹ್ಮಗಿರಿ ಕಡೆಯ ಬರಪೊಳೆ ಪಶ್ಚಿಮಕ್ಕೆ ಇಳಿದು, ಕೇರಳದಲ್ಲಿ ವಳಪಟ್ಟಣಂ ಹೊಳೆಗೆ ಸೇರುತ್ತದೆ. ಮಳೆಗಾಲದಲ್ಲಿ ಬರಪೊಳೆಯಲ್ಲಿ ರಾಫ್ಟ್ ಮೇಲೆ ಕೂತು ಕಿರುಚ್ತಾರಲ್ಲ, ಅದೇ ನೀರು. ಅದು ಎಲ್ಲಿ ಹೋಗಿ ಮುಟ್ಟುತ್ತೆ ಅಂತ ನೋಡಬೇಕು ಅನ್ನಿಸಲ್ವಾ?

ದಾರಿ ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ. ಮಾಕುಟ್ಟ ಘಾಟಿ ಕಾಡಿನ ನಡುವಿನ ರಸ್ತೆ, ತಿರುವುಗಳು ಜಾಸ್ತಿ. 2018ರ ಮಳೆಗೆ ಗುಡ್ಡ ಕುಸಿದು ಬಂದ್ ಆಗಿತ್ತು. ಜೋರು ಮಳೆ ಇದ್ದರೆ ಸುಮ್ನೆ ಮನೆಯಲ್ಲಿರಿ.

ಅಳೀಕಲ್‌ನಲ್ಲಿ ಮೊದಲು ಬಂದರಿಗೆ ಹೋಗಿ, ಬೆಳಿಗ್ಗೆಯೇ. ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ, ಮೈಮೇಲೆ ಮಲಯಾಳಂ ಹೆಸರುಗಳು. ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಮೀನು ದಡಕ್ಕೆ ಬರುತ್ತದೆ, ಮೇಲೆ ಸಲಿಕೆಯಿಂದ ಐಸ್ ಪುಡಿ ಸುರಿಯುತ್ತಾರೆ. ಆಚೆ ನೆರಳಲ್ಲಿ ಬಲೆ ಹೊಲಿಯುವವರು. ಒಂದು ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ ಬಿಗಿ ಮಾಡಿಕೊಳ್ಳುತ್ತಾರೆ. ಕೈಯಲ್ಲಿ ನೈಲಾನ್ ದಾರ ಸುತ್ತಿದ ಚಪ್ಪಟೆ ಸೂಜಿ. ಬಲೆಯ ಹರಿದ ಕಣ್ಣು ಎಲ್ಲಿತ್ತು ಅಂತ ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಮಾತಾಡಿಸಿದರೆ ಮಾತಾಡುತ್ತಾರೆ, ಕೈ ಮಾತ್ರ ನಿಲ್ಲಲ್ಲ. ನನಗೆ ಬೀಚಿಗಿಂತ ಇದೇ ಇಷ್ಟ, ನಿಜ ಹೇಳಬೇಕಂದ್ರೆ.

ಬೀಚ್ ಬೇಕೇ ಬೇಕು ಅನ್ನುವವರಿಗೆ ಪಕ್ಕದಲ್ಲೇ ಚಾಲ್ ಬೀಚ್ ಇದೆ. ಅಳಿವೆಯಲ್ಲಿ ಮಾತ್ರ ನೀರಿಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಹೊಳೆಯ ಸೆಳೆತ ಮತ್ತು ಸಮುದ್ರದ ಉಬ್ಬರ-ಇಳಿತ ಅಲ್ಲಿ ಎದುರುಬದುರಾಗುತ್ತವೆ. ಮರಳ ಮೇಲೆ ಕಾರು ಓಡಿಸುವ ಆಸೆ ಇದ್ದರೆ ಮುಳಪ್ಪಿಲಂಗಾಡಿಗೆ ಹೋಗಿ. ಭಾನುವಾರ ಅಲ್ಲಿ ಅಲೆಗಿಂತ ಹಾರ್ನ್ ಸದ್ದೇ ಜಾಸ್ತಿ.

ಕೇರಳದಲ್ಲಿ ಜೂನ್ 10ರಿಂದ ಜುಲೈ 31ರವರೆಗೆ ಟ್ರಾಲಿಂಗ್, ಅಂದರೆ ಯಾಂತ್ರಿಕ ಬೋಟುಗಳು ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅಂತ ದೊಡ್ಡ ಬೋಟುಗಳು ದಡದಲ್ಲೇ ಇರುತ್ತವೆ. ಆಗ ಹೋದರೆ ಬಂದರಿನಲ್ಲಿ ಗದ್ದಲವೇ ಕಡಿಮೆ. ಉಳಿದ ದಿನಗಳಲ್ಲಿ ಐಸ್ ಬಾಕ್ಸ್ ಇಟ್ಟುಕೊಂಡು ಹೋಗಿ. ಮತ್ತಿ (ಬೂತಾಯಿ), ಬಂಗುಡೆ ಸಂಜೆಗೆ ಮಡಿಕೇರಿ ಮುಟ್ಟುವ ತನಕ ತಾಜಾ ಇರುತ್ತವೆ.

ವಾಪಸ್ ಬರುವಾಗ ಸ್ವಲ್ಪ ಸುತ್ತಾದರೂ ಪರಶ್ಶಿನಿಕಡವಿಗೆ ಹೋಗಿ ಅಂತಲೂ ಹೇಳುತ್ತೇನೆ. ಅದೇ ಹೊಳೆಯ ದಡದಲ್ಲಿ ಮುತ್ತಪ್ಪನ ಗುಡಿ. ನಮ್ಮ ಕೊಡಗಿನಲ್ಲೂ ಮುತ್ತಪ್ಪನ ಭಕ್ತರು ಬೇಕಾದಷ್ಟಿದ್ದಾರೆ. ಬಂದವರಿಗೆಲ್ಲಾ ಚಹಾ, ಬೇಯಿಸಿದ ಕಾಳು ಪ್ರಸಾದ. "ಡಿಕ್ಕಿಯಲ್ಲಿ ಮೀನಿದೆ, ಗುಡಿಗೆ ಹೋಗಬಹುದಾ?" ಅಂತ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಆ ದೇವರಿಗೆ ನೈವೇದ್ಯವೇ ಕಳ್ಳು, ಮೀನು. ಧಾರಾಳವಾಗಿ ಹೋಗಿ ಅಂದೆ.