ಸುಬೇದಾರ್ ಸಾರ್ ಬರೆದಿಟ್ಟ ಲೆಕ್ಕ

ನಮ್ಮ ಕಾಲೇಜಿನ ಸ್ಟಾಫ್ ಲಿಸ್ಟಲ್ಲಿ ಸುಬೇದಾರ್ ಸಾರ್ ಹೆಸರು ಯಾವತ್ತೂ ಇರ್ಲಿಲ್ಲ, ಒಂದು ರೂಪಾಯಿ ಸಂಬ್ಳ ತಗೊಂಡೋರೂ ಅಲ್ಲ. ಆದ್ರೂ ಮಂಡ್ಯದಲ್ಲಿ ನಿಮ್ಮನ್ನ ತಿದ್ದಿದೋರು ಯಾರು ಅಂತ ನನ್ನ ಬ್ಯಾಚಿನ ಯಾರನ್ನ ಕೇಳಿದ್ರೂ ಮೊದ್ಲು ಬರೋದು ಅವರ ಹೆಸರೇ. ಊರಲ್ಲಿ ಹೆಂಗಸ್ರು ಮಿಲ್ಟ್ರಿ ಅಣ್ಣ ಅಂತಿದ್ರು, ನಮ್ಗೆ ಸುಬೇದಾರ್ ಸಾರ್.

ಹರೆಯದಲ್ಲೇ ಬೆಂಗ್ಳೂರಿನ ಹಲಸೂರು ಕೆರೆ ಹತ್ರದ ಎಂಇಜಿ ಸೆಂಟರ್‌ಗೆ ಸೇರಿದೋರು, ಅಂದ್ರೆ 1780ರಲ್ಲಿ ಶುರುವಾದ ಮದ್ರಾಸ್ ಎಂಜಿನಿಯರ್ ಗ್ರೂಪ್. ಸೈನಿಕ ಅಂದ ತಕ್ಷಣ ನಮ್ಗೆಲ್ಲ ಬಂದೂಕೇ ಕಣ್ಮುಂದೆ ಬರುತ್ತೆ, ಇವರ ಕೆಲಸ ನದಿಗೆ ಸೇತುವೆ ಹಾಕೋದು, ಬೆಟ್ಟದಲ್ಲಿ ದಾರಿ ಮಾಡೋದು, ಮೈನ್ ಅಂದ್ರೆ ನೆಲಬಾಂಬ್ ಹೂಳೋದು, ಹೂತಿದ್ದನ್ನ ತೆಗೆಯೋದು. 2001ರ ಡಿಸೆಂಬರ್ 13ಕ್ಕೆ ಪಾರ್ಲಿಮೆಂಟ್ ಮೇಲೆ ದಾಳಿ ಆದ್ಮೇಲೆ ಆಪರೇಷನ್ ಪರಾಕ್ರಮ್ ಅಂತ ಗಡಿ ಉದ್ದಕ್ಕೂ ಸೈನ್ಯ ನಿಲ್ಸಿದ್ರಲ್ಲ, ಪಂಜಾಬ್ ರಾಜಸ್ಥಾನದ ಕಡೆ ಹೊಲ ಗದ್ದೆ ಅನ್ನದೆ ಮೈನ್ ಹೂತ್ರು, ಯುದ್ಧ ಆಗ್ಲಿಲ್ಲ, ಆಮೇಲೆ ಅದನ್ನೆಲ್ಲ ಒಂದೊಂದಾಗಿ ಹೊರಗೆ ತೆಗೀಬೇಕಾಯ್ತು. ಸಾರ್ ಆಗ ಹವಾಲ್ದಾರ್. ಮೈನ್ ಎಲ್ಲೆಲ್ಲಿ ಇದೆ ಅಂತ ಹೂತೋನು ಸರಿಯಾಗಿ ಬರೆದಿಡದಿದ್ರೆ ತೆಗೆಯೋಕೆ ಬಂದೋನ ಕಾಲೇ ಹೋಗುತ್ತೆ ಕಣ್ರೋ ಅಂತ ಹೇಳೋರು. ಯುದ್ಧದ ಕಥೆ ಹೇಳಿ ಸಾರ್ ಅಂತ ಹುಡುಗ್ರು ಪೀಡಿಸಿದಾಗೆಲ್ಲ ಅವರು ಹೇಳಿದ್ದು ಇದೊಂದೇ.

ಬರೆದಿಡೋ ಅಭ್ಯಾಸ ರಿಟೈರ್ ಆದ್ಮೇಲೂ ಬಿಡ್ಲಿಲ್ಲ. ಆರ್ಮಿ, ಪೊಲೀಸ್ ಭರ್ತಿಗೆ ನಮ್ಮನ್ನ ತಯಾರು ಮಾಡೋಕೆ ಬೆಳಿಗ್ಗೆ ಐದಕ್ಕೆ ಮಂಡ್ಯದ ಸರ್ ಎಂ.ವಿ. ಸ್ಟೇಡಿಯಂನಲ್ಲಿ ಉದ್ದನೆ ಲೆಕ್ಕದ ಪುಸ್ತಕ, ಕತ್ತಲ್ಲಿ ಟಾರ್ಚು, ಕುತ್ತಿಗೆಗೆ ಸ್ಟಾಪ್‌ವಾಚು. ಫಾಸ್ಟಾಗಿ ಓಡೋರದ್ದು ಮಾತ್ರ ಅಲ್ಲ, ಕೊನೇಲಿ ಏದುಸಿರು ಬಿಡ್ತಾ ಬರೋನದ್ದೂ ಟೈಮಿಂಗ್ ಅದ್ರಲ್ಲಿ ಇರೋದು. ಊರು ಯಾವುದು, ಅಪ್ಪ ಏನ್ ಮಾಡ್ತಾರೆ, ಬೆಳಿಗ್ಗೆ ತಿಂದು ಬಂದ್ನಾ ಇಲ್ವಾ ಅನ್ನೋದೂ ಪಕ್ಕದಲ್ಲಿ ಸಣ್ಣಕ್ಷರದಲ್ಲಿ.

ಆರ್ಮಿ ರ್‍ಯಾಲಿಲಿ ಆಗ 1600 ಮೀಟರ್ ಓಟ, ಐದೂವರೆ ನಿಮಿಷದೊಳಗೆ ಮುಗಿಸಿದ್ರೆ 60 ಮಾರ್ಕ್ಸು, ಅದ್ರ ಮೇಲೆ 15 ಸೆಕೆಂಡ್ ತಗೊಂಡ್ರೆ 48, ಅಷ್ಟೂ ದಾಟಿದ್ರೆ ಮನೆಗೆ ಅಂತಿತ್ತು. ನಾಲ್ಕು ರೌಂಡು, ಒಂದೊಂದು ರೌಂಡಿಗೆ 80 ಸೆಕೆಂಡ್ ಅನ್ನೋದು ಸಾರ್ ಲೆಕ್ಕ. ಮೊದಲ್ನೇ ರೌಂಡಲ್ಲೇ ನುಗ್ಗಿ ಮೂರನೇದ್ರಲ್ಲಿ ಕುಸಿದು ಬೀಳೋ ಹುಡುಗ್ರನ್ನ ಕಂಡ್ರೆ ಅವ್ರಿಗೆ ಸಂಕಟ ಆಗೋದು. ಯಾರೋ ರ್‍ಯಾಲಿಗೆ ಮುಂಚೆ ಇಂಜೆಕ್ಷನ್ ತಗೊಂಡ್ರೆ ಸುಸ್ತಾಗಲ್ವಂತೆ ಅಂದಾಗ ಮಾತ್ರ ಅವರಿಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ನೋಡಿದೀನಿ. ನೆನೆಸಿದ ಕಡ್ಲೆಕಾಯಿ, ಒಂದು ಚೂರು ಬೆಲ್ಲ, ರಾತ್ರಿ ಮುದ್ದೆ ಹುರುಳಿಸಾರು, ಬೆಲ್ಲದ ನಾಡಲ್ಲಿ ಹುಟ್ಟಿ ಇಂಜೆಕ್ಷನ್ ಯಾಕ್ಲಾ ಅಂದ್ರು.

ಹುಡುಗೀರು ಗ್ರೌಂಡಿಗೆ ಬರೋದು ಸುಲಭ ಇರ್ಲಿಲ್ಲ. ಕತ್ತಲಲ್ಲಿ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ಹೋಗ್ತಾಳಂತೆ ಅಂತ ನಮ್ಮ ಬೀದಿಲಿ ಮಾತಾಗಿ ಅವ್ವ ನನ್ನನ್ನ ನಿಲ್ಲಿಸಿಬಿಟ್ರು. ಸಾರ್ ಮನೆಗೇ ಬಂದ್ರು, ಜೊತೆಗೆ ಅವರ ಮನೆಯೋರ್ನೂ ಕರ್ಕೊಂಡು. ಜಗಲಿ ಮೇಲೆ ಕೂತು ಕಾಫಿ ಕುಡಿದು "ತಾಯಿ, ನೀವೂ ಬನ್ನಿ, ನಿಮ್ಮ ಮಗ್ಳು ಓಡೋದು ನೋಡಿ, ಆಮೇಲೆ ಬೇಡ ಅನ್ನಿ" ಅಂದ್ರು ಅಷ್ಟೇ. ಅವ್ವ ಬಂದ್ರು. ಮಾರನೇ ದಿನದಿಂದ ಪಕ್ಕದ ಮನೆ ಹುಡುಗೀನೂ ಕರ್ಕೊಂಡು ಬರೋಕೆ ಶುರು ಮಾಡಿದ್ರು.

ಅವರು ಎಂಥ ಮನುಷ್ಯ ಅಂತ ನನಗೆ ಪೂರ್ತಿ ಗೊತ್ತಾಗಿದ್ದು ಕೊರೊನಾ ಆದ್ಮೇಲೆ. 2020-21, 2021-22 ಎರಡೂ ವರ್ಷ ಆರ್ಮಿಗೆ ಯಾರನ್ನೂ ತಗೊಳ್ಲೇ ಇಲ್ಲ. ಓಟ ಪಾಸಾಗಿ ಮೆಡಿಕಲ್ಲೂ ಮುಗಿಸಿ ಲಿಖಿತ ಪರೀಕ್ಷೆಗೆ ಕಾಯ್ತಿದ್ದ ಹುಡುಗ್ರಿದ್ರು, 2022ರ ಜೂನಲ್ಲಿ ಅಗ್ನಿಪಥ್ ಅನ್ನೋ ಹೊಸ ಭರ್ತಿ ಸ್ಕೀಮ್ ಬಂತು, ಹಳೇ ಭರ್ತಿ ಎಲ್ಲ ರದ್ದು, ಮತ್ತೆ ಮೊದಲಿಂದ ಬನ್ನಿ, ಅದೂ ನಾಲ್ಕು ವರ್ಷಕ್ಕೆ. ಆ ವರ್ಷ ವಯಸ್ಸಿನ ಮಿತಿ 23ಕ್ಕೆ ಏರಿಸಿದ್ರೂ ಅದನ್ನೂ ದಾಟಿದೋರಿದ್ರು. ಸ್ಟೇಡಿಯಂ ಖಾಲಿ ಆಯ್ತು. ಒಬ್ಬ ಹುಡುಗ ಆಲೆಮನೆ ಕೂಲಿಗೆ ಹೋಗೋಕೆ ಶುರು ಮಾಡಿ ಫೋನೇ ಎತ್ತುತಿರ್ಲಿಲ್ಲ. ಸಾರ್ ಆ ಲೆಕ್ಕದ ಪುಸ್ತಕ ತೆಗೆದು ಹೆಸರು ನೋಡ್ಕೊಂಡು ಟಿವಿಎಸ್ ಹತ್ತಿ ಒಂದೊಂದೇ ಊರಿಗೆ ಹೋದ್ರು, ಮದ್ದೂರು ಕಡೆ, ಪಾಂಡವಪುರ ಕಡೆ, ವಿ.ಸಿ. ನಾಲೆ ಏರಿ ಮೇಲೆ. ಸಮಾಧಾನದ ಮಾತಿಗಿಂತ ಹೆಚ್ಚಾಗಿ ಕೈಲಿ ನೋಟಿಫಿಕೇಶನ್ ಜೆರಾಕ್ಸ್ ಇರೋದು. ಪೊಲೀಸ್, ಫಾರೆಸ್ಟ್ ಗಾರ್ಡ್, ಕರೆಂಟ್ ಕಂಪನಿ ಸೆಸ್ಕ್‌ನ ಪವರ್‌ಮ್ಯಾನ್. ಪವರ್‌ಮ್ಯಾನ್ ಕೆಲಸಕ್ಕೆ ಎಂಟು ಮೀಟರ್ ಕಂಬ ಹತ್ತಬೇಕು ಅಂತ ಗೊತ್ತಾಗಿ ಯಾರದೋ ತೋಟದಲ್ಲಿ ಹಳೇ ಕಂಬ ನೆಡಿಸಿ ಪ್ರಾಕ್ಟೀಸ್ ಮಾಡಿಸಿದ್ರು. ಆಲೆಮನೆಗೆ ಹೋಗ್ತಿದ್ದ ಹುಡುಗ ಈಗ ಲೈನ್‌ಮನ್. ಸೆಲೆಕ್ಟ್ ಆದೋರ ಫೋಟೋ ಹಾಕ್ಕೊಳೋ ಕೋಚಿಂಗ್ ಸೆಂಟರ್ ಬೇಕಾದಷ್ಟಿವೆ, ಸೆಲೆಕ್ಟ್ ಆಗದೋರ ಮನೆ ಹುಡುಕ್ಕೊಂಡು ಹೋದ ಕೋಚ್ ನಾನು ನೋಡಿದ್ದು ಇವರೊಬ್ರನ್ನೇ.

2024ರ ವಯನಾಡು ಭೂಕುಸಿತ ಎಲ್ರಿಗೂ ನೆನಪಿರುತ್ತೆ. ಚೂರಲ್‌ಮಲೆ ಹತ್ರ ಕೊಚ್ಚಿಹೋದ ಸೇತುವೆ ಜಾಗದಲ್ಲಿ 190 ಅಡಿ ಬೈಲಿ ಬ್ರಿಡ್ಜ್, ಅಂದ್ರೆ ಕಬ್ಬಿಣದ ಪ್ಯಾನೆಲ್ ಜೋಡಿಸಿ ಬೇಗ ಕಟ್ಟೋ ಸೇತುವೆ, ಹಾಕಿದ್ದು ಸಾರ್ ಇದ್ದ ಇದೇ ಎಂಇಜಿ, ಆಗಸ್ಟ್ 1ರ ಸಂಜೆಗೆ ಮುಗಿಸಿದ್ರು. ಅಲ್ಲಿ ನಿಂತು ಕೆಲಸ ಮಾಡಿಸಿದ ಅಧಿಕಾರಿಗಳಲ್ಲಿ ಮೇಜರ್ ಸೀತಾ ಶೆಲ್ಕೆ ಇದ್ರು. ಅವರ ಫೋಟೋನ ಸಾರ್ ನಮ್ಮ ಹುಡುಗೀರ ವಾಟ್ಸಾಪ್ ಗ್ರೂಪಿಗೆ ಹಾಕಿ, ಆಮೇಲೆ ನಮ್ಮೊಬ್ಬೊಬ್ಬರಿಗೂ ಫೋನ್ ಮಾಡಿ ನೋಡಿದ್ಯಾ ಮಗಳೇ, ನೋಡಿದ್ಯಾ ಅಂತ ಕೇಳಿದ್ರು. ಬೈಲಿ ಪ್ಯಾನೆಲ್ ಒಂದೊಂದೂ ಸುಮಾರು 260 ಕೆಜಿ, ಆರು ಜನ ಒಟ್ಟಿಗೆ ಎತ್ತಬೇಕು, ಒಬ್ಬ ಜಾರಿದ್ರೆ ಉಳಿದ ಐದು ಜನದ ಬೆನ್ನು ಹೋಗುತ್ತೆ ಅಂತ ವಿವರಿಸೋವಾಗ ಅವರ ದನಿ ಏರಿತ್ತು. ಬೇಗ ಓಡೋರು ತಮ್ಮದು ಮುಗೀತು ಅಂತ ಕೂರೋಹಾಗಿಲ್ಲ, ವಾಪಸ್ ಹೋಗಿ ಹಿಂದೆ ಉಳಿದೋರ ಜೊತೆ ಕೊನೇ ರೌಂಡ್ ಓಡಬೇಕು ಅಂತ ಸ್ಟೇಡಿಯಂನಲ್ಲಿ ಮಾಡಿದ್ದ ರೂಲ್ಸ್ ಎಲ್ಲಿಂದ ಬಂತು ಅಂತ ನನಗೆ ಆವತ್ತು ಅರ್ಥ ಆಯ್ತು.

ನಾನೀಗ ಮೈಸೂರಲ್ಲಿ ಪೊಲೀಸ್ ಕಾನ್‌ಸ್ಟೇಬಲ್. ಸಾರ್‌ಗೆ ಮಂಡಿ ನೋವು, ದಿನಾ ಗ್ರೌಂಡಿಗೆ ಬರೋಕಾಗಲ್ಲ. ಸ್ಟಾಪ್‌ವಾಚೂ ಪುಸ್ತಕಾನೂ ಆ ಲೈನ್‌ಮನ್ ಹತ್ರ ಇವೆ, ಡ್ಯೂಟಿ ಇಲ್ದಾಗೆಲ್ಲ ಅವನೇ ಓಡಿಸ್ತಾನೆ, ರಜೆ ಸಿಕ್ಕಿದ ಭಾನುವಾರ ಹುಡುಗೀರ್ನ ನಾನು ನೋಡ್ಕೋತೀನಿ. ಈ ವರ್ಷ ಸೆಕೆಂಡ್ ಪಿಯು ಓದ್ತಿರೋ ತಂಗೀರು ಯಾರಾದ್ರೂ ಬರೋದಾದ್ರೆ ಬೆಳಿಗ್ಗೆ ಐದಕ್ಕೆ ಬನ್ನಿ, ಫೀಸಿಲ್ಲ, ನೀರಿನ ಬಾಟ್ಲು ತನ್ನಿ, ಮನೇಲಿ ಒಪ್ಪದಿದ್ರೆ ಹೇಳಿ, ನಾನೇ ಬಂದು ಮಾತಾಡ್ತೀನಿ.